ಬೀಗರ ತಾಟಿನಲ್ಲಿ ಪರದೇಶದ ರೊಟ್ಟಿ

ನನ್ನ ಸಾಮಾನ್ಯ ಜ್ಞಾನದ ಬಗ್ಗೆ ನಮ್ಮ ಬಳಗದಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು ನನ್ನದು. ಇನ್ನೊಂದು ಉಳಿದವರೆಲ್ಲರದು!

ಸಸ್ಯಶಾಸ್ತ್ರದ ಪ್ರಕಾರ ಬಾಳೆಹಣ್ಣು ಬೆರ್ರಿ, ಆದರೆ ಸ್ಟ್ರಾಬೆರ್ರಿ ಬೆರ್ರಿಯೇ ಅಲ್ಲ. ಇಂಥದ್ದೊಂದು ಗೊತ್ತಾದರೆ ಸಾಕು, ಯಾರಿಗಾದರೂ ಹೇಳುವ ತನಕ ನನಗೆ ಚಹಾ ಕೂಡ ಒಳಗೆ ಇಳಿಯುವುದಿಲ್ಲ. ಹಾಗಾಗಿ ನವನಗರದ ನಮ್ಮಣ್ಣನ ಮನೆಗೆ ಹುಬ್ಬಳ್ಳಿಯಿಂದ ಬೀಗರು ಬರುತ್ತಾರೆ ಎಂದು ತಿಳಿದಾಗ ನನಗೆ ಖುಷಿಯೋ ಖುಷಿ. ಹೊಸ ಕಿವಿಗಳು!

ವಿಷಯ ಇಷ್ಟೇ. ಅಣ್ಣನ ಮಗಳು ವೀಣಾ, ಹುಡುಗ ಮಂಜುನಾಥ, ಇಬ್ಬರೂ ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವವರು. ಅವರು ಒಬ್ಬರನ್ನೊಬ್ಬರು ಯಾವಾಗಲೋ ಒಪ್ಪಿಕೊಂಡಾಗಿತ್ತು. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಹುಡುಗನ ಅಪ್ಪ ರುದ್ರಪ್ಪನವರದು ಅಜ್ಜನ ಕಾಲದಿಂದ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ.

ನನ್ನ ಹೆಂಡತಿ ಸರೋಜಾ ಹೊಸ್ತಿಲಲ್ಲೇ ಎಚ್ಚರಿಸಿದಳು. "ಇವತ್ತ ನೀವು ಊಟಕ್ಕಷ್ಟ ಬಾಯಿ ತಗೀರಿ."

ನಾನು ಮಾತಿಗೆ ತಪ್ಪುವ ಮನುಷ್ಯನಲ್ಲ. ಊಟಕ್ಕೇ ತೆಗೆದೆ!

ರುದ್ರಪ್ಪನವರು ಕೆಂಪು ಚಟ್ನಿ ಚಪ್ಪರಿಸಿ, "ಏನ ಅನ್ರಿ, ಮೆಣಸಿನಕಾಯಿ ಅಂದ್ರ ನಮ್ಮ ನೆಲದ ಆಸ್ತಿ" ಎಂದರು.

"ಅಲ್ರಿ!" ಎಂದೆ ನಾನು. "ಅದು ಅಮೆರಿಕಾ ಕಡೀದು. ಪೋರ್ಚುಗೀಸರು ಹಡಗಿನ್ಯಾಗ ತಂದದ್ದು."

ಅವರ ಕೈಯಲ್ಲಿದ್ದ ತುತ್ತು ತಾಟಿಗೂ ಬಾಯಿಗೂ ನಡುವೆ ನಿಂತಿತು. "ಅಂದ್ರ ನಮ್ಮ ಅಜ್ಜ ಪರದೇಶದ ಮಾಲು ಮಾರಿದ ಅಂತೀರೇನು?"

ತಪ್ಪನ್ನು ತಿದ್ದುವುದು ಸಜ್ಜನರ ಲಕ್ಷಣ. ತಿದ್ದಲು ಹೊರಟೆ. "ನಿಮ್ಮದೊಂದ ಅಲ್ರಿ. ಈ ಶೇಂಗಾ ಚಟ್ನಿ ಐತೆಲ್ಲಾ, ಶೇಂಗಾನೂ ದಕ್ಷಿಣ ಅಮೆರಿಕಾದ್ದು. ಬಟಾಟಿನೂ ಅಲ್ಲೀದ. ಜ್ವಾಳ ಆಫ್ರಿಕಾದಿಂದ ಬಂದದ್ದು!"

ಪಂಕ್ತಿಯ ತುದಿಯಲ್ಲಿ ರುದ್ರಪ್ಪನವರ ತಾಯಿ, ಮನೆಯ ಹಿರಿಯ ಅಜ್ಜಿ, ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟರು. "ಹಂಗಾರ ಇದರಾಗ ನಮ್ಮದು ಏನ ಐತೋ ತಮ್ಮಾ?"

"ಬದನಿಕಾಯಿ, ಅಜ್ಜೀ!"

"ಅದು ನನಗ ನಡಿಯೂದಿಲ್ಲ. ಮೈ ಕಡೀತೈತಿ."

ಅಣ್ಣನ ಮುಖ ಸುಣ್ಣವಾಗಿತ್ತು. ಮಂಜುನಾಥ ನೀರು ಕುಡಿಯುತ್ತಲೇ ಇದ್ದ. ಲೋಟ ಖಾಲಿಯಾದ ಮೇಲೂ! ಈಗ ಬೀಗರನ್ನು ಹೊಗಳದೆ ಗತ್ಯಂತರವಿರಲಿಲ್ಲ.

"ರುದ್ರಪ್ಪನವರ, ಆಕ್ಟೋಪಸ್ಸಿಗೆ ಮೂರು ಹೃದಯ ಇರ್ತಾವ. ನಿಮ್ಮ ದೊಡ್ಡ ಮನಸ್ಸು ನೋಡಿದ್ರ ನಿಮಗೂ ಮೂರು ಇರಬೇಕು ನೋಡ್ರಿ!"

"ಇರೂದ ಒಂದು," ಎಂದರು ಅವರು ತಣ್ಣಗೆ. "ಅದಕ್ಕೂ ಹೋದ ವರ್ಷ ಆಪರೇಷನ್ ಆಗೇತಿ."

ಬೀಗರು ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಏಳುವ ಲಕ್ಷಣ ಕಂಡಿತು. ಮುದ್ದಿನ ಹುಡುಗಿಯ ಬಾಳನ್ನು ನಾನೇ ಕೈಯಾರೆ, ಅಲ್ಲ, ಬಾಯಾರೆ ಕೆಡಿಸಿದ್ದೆ.

ಅಷ್ಟರಲ್ಲಿ ಒಳಗಿಂದ ವೀಣಾ ಬಿಸಿರೊಟ್ಟಿ ಹಿಡಿದು ಬಂದಳು. ನೇರ ಅಜ್ಜಿಯ ಮುಂದೆ ಕುಳಿತು ರೊಟ್ಟಿ ಬಡಿಸಿ, ಅದರ ಮೇಲೆ ಬೆಣ್ಣೆ ಇಟ್ಟಳು.

"ಕಾಕಾ ಹೇಳಿದ್ದು ಖರೇ ಐತ್ರಿ ಅಜ್ಜೀ. ಆದ್ರ ಎಲ್ಲಿಂದರ ಬಂದಿರ್ಲಿ, ಈಗ ಇವು ನಮ್ಮವ ಆಗ್ಯಾವಲ್ರಿ? ನಾನೂ ಹೊರಗಿಂದನ ನಿಮ್ಮನಿಗೆ ಬರಾಕಿ. ನನ್ನೂ ಹಂಗ ನಿಮ್ಮಾಕಿನ್ನ ಮಾಡ್ಕೋರಿ."

ಅಜ್ಜಿ ಅವಳನ್ನು ನೋಡಿದರು. ರೊಟ್ಟಿಯನ್ನು ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಏ ರುದ್ರಾ, ಕೇಳಿದೇನು ಹುಡುಗಿ ಮಾತು? ನಾನೂ ಹೊರಗಿಂದನ ಬಂದಾಕಿ. ಇನ್ನೇನ ನೋಡ್ತಿ? ಸಕ್ಕರಿ ಹಂಚ್ರಿ!"

ಸಕ್ಕರೆ! ನಾನು ಕುಳಿತಲ್ಲೇ ಪುಟಿದೆ. "ಸಕ್ಕರಿ ಮಾತ್ರ ಖರೇನ ನಮ್ಮ ದೇಶದ್ದರಿ! ಕಬ್ಬಿನ ರಸದಿಂದ ಹರಳು ಮಾಡೋದನ್ನ ಜಗತ್ತಿಗೆ ಕಲಿಸಿದವರ ನಾವು!"

"ಅದನ್ನ ಮೊದಲ ಹೇಳಬಾರದೇನ್ರಿ!" ಎಂದು ರುದ್ರಪ್ಪನವರು ನಗುತ್ತಾ ಬಂದು ನನ್ನ ಬಾಯಿಗೆ ಮುಷ್ಟಿ ತುಂಬ ಸಕ್ಕರೆ ಸುರಿದರು. ಅದು ಪ್ರೀತಿಯೋ, ಬಾಯಿ ಮುಚ್ಚಿಸುವ ಉಪಾಯವೋ, ಇಂದಿಗೂ ಖಚಿತವಿಲ್ಲ.

ಮನೆಗೆ ಮರಳುವಾಗ ನನ್ನ ಎದೆ ಉಬ್ಬಿತ್ತು. "ನೋಡಿದೇನ ಸರೋಜಾ? ನನ್ನ ಸಾಮಾನ್ಯ ಜ್ಞಾನದಿಂದ ಲಗ್ನ ಕೂಡಿತು!"

"ಹೌದ್ರಿ," ಎಂದಳು ಆಕೆ. "ಆ ಹುಡುಗಿ ಬರದಿದ್ರ ಅದರಿಂದನ ಮುರೀತಿತ್ತು."

ಅಸೂಯೆ! ಹಾಗೆಂದುಕೊಂಡು ಸುಮ್ಮನಾದೆ.

ಮದುವೆಯ ದಿನ ಎರಡೂ ಕಡೆಯವರು ಕೂಡಿ ಕೆಲಸ ಹಂಚಿದರು. ಒಬ್ಬರಿಗೆ ಹೂವಿನ ಜವಾಬ್ದಾರಿ, ಒಬ್ಬರಿಗೆ ಊಟದ್ದು. ಬೀಗರನ್ನು ಮಾತಾಡಿಸುವ ಕೆಲಸ ನನಗೇ ಎಂದು ಹೊಸ ಜುಬ್ಬಾ ಹಾಕಿಕೊಂಡು ಮುಂದೆ ನಿಂತಿದ್ದೆ. ಅಜ್ಜಿ ಖುದ್ದಾಗಿ ನನ್ನ ಕೈಹಿಡಿದು, ಬಲು ಅಕ್ಕರೆಯಿಂದ ಕಲ್ಯಾಣ ಮಂಟಪದ ಹಿಂದೆ ಕರೆದೊಯ್ದು ಒಂದು ಕುರ್ಚಿಯಲ್ಲಿ ಕೂರಿಸಿದರು.

ಜನರೇಟರಿನ ಪಕ್ಕದಲ್ಲಿ! ಅಲ್ಲಿ ನಾನು ದಿನವಿಡೀ ಮಾತಾಡಿದೆ. ಯಾರಿಗೂ ಒಂದಕ್ಷರ ಕೇಳಲಿಲ್ಲ. ಮದುವೆ ನಿರ್ವಿಘ್ನವಾಗಿ ನೆರವೇರಿತು.