ಎಣ್ಣೆ ಮಿಲ್ಲಿನ ಲಾರಿಯ ಬ್ರೇಕು

ಚಿತ್ರದುರ್ಗದಲ್ಲಿ ಲಾರಿ ಬ್ರೇಕಿನ ಶೆಡ್ ಹಾಕಿದ ಮೇಲೆ ನನಗೆ ತಿಳಿದದ್ದು ಇಷ್ಟು: ಕೆಟ್ಟ ಗಾಡಿ ಸರಿ ಮಾಡಬಹುದು, ಗಾಡಿಯವರನ್ನಲ್ಲ. ವಾರಕ್ಕೆ ಒಂದಾದರೂ ಇಂಥದು ನಡೀತಿತ್ತು. ಎಪ್ಪತ್ತರ ದಶಕದ ಒಂದೇ ಒಂದು ಲಾರಿಯ ಕಥೆ ಹೇಳ್ತೀನಿ, ಎಲ್ಲ ಹೇಳಿದರೆ ಜಗಳ ಆಗ್ತವೆ.

೧. ಶಬ್ದ ಕೇಳಲು ಹೋದದ್ದು

ಹೊಳಲ್ಕೆರೆಯ ಎಣ್ಣೆ ಮಿಲ್ಲಿನ ಲಾರಿ ಅದು. ಓಡಿ ಓಡಿ ಅದರ ಮೀಟರು ನಿಂತಿತ್ತು, ಲಾರಿ ನಿಂತಿರಲಿಲ್ಲ. ಡ್ರೈವರು ನನಗಿಂತ ಹಿರಿಯ, ಮಿಲ್ಲು ಶುರುವಾದಾಗಿಂದ ಅದೇ ಸೀಟಲ್ಲಿ ಕೂತವನು.

“ಬ್ರೇಕ್ ತುಳಿದ್ರೆ ಶಬ್ದ ಬರ್ತೈತೆ ಮೇಸ್ತ್ರಿ,” ಅಂದ.

“ಯಾವ ಗಾಲಿಯಿಂದಣ್ಣ?”

“ಸಾವ್ಕಾರ್ರು ಮುಂದಿನದು ಅಂತಾರೆ. ನಾನು ಹಿಂದಿನದು ಅಂತೀನಿ. ಅವರು ಹೇಳಿದ್ದೇ ನಿಜ ಇರ್ಬೇಕು, ಲಾರಿ ಅವರದು.”

ನಾನೇ ಕೇಳಿ ನೋಡ್ತೀನಿ ಅಂತ ಖಾಲಿ ಬಾಡಿಯೊಳಗೆ ಬೋರಲು ಮಲಗಿ ಹಲಗೆಗೆ ಕಿವಿ ಇಟ್ಟೆ. “ಬ್ರೇಕ್ ತುಳೀತಾ ಹೋಗು, ನಾನು ಹಲಗೆ ಬಡಿದಾಗ ನಿಲ್ಸು,” ಅಂದೆ. ಊರು ದಾಟೋದ್ರೊಳಗೆ ಗೊತ್ತಾಯ್ತು, ಹಿಂದಿನ ಎಡಗಾಲಿ. ಬಡಿದೆ. ಎರಡೂ ಕೈಯಲ್ಲಿ ಬಡಿದೆ. ಆ ಶಬ್ದದಲ್ಲಿ ನನ್ನ ಬಡಿತ ಯಾರಿಗೆ ಕೇಳ್ಬೇಕು?

ಹೊಳಲ್ಕೆರೆ ಮಿಲ್ಲಿನ ಮುಂದೆ ಲಾರಿ ನಿಂತಿತು. ಡ್ರೈವರು ಹಿಂದೆ ಬಂದು ಇಣುಕಿದ.

“ಇನ್ನೂ ಗೊತ್ತಾಗ್ಲಿಲ್ವಾ ಮೇಸ್ತ್ರಿ? ಹೊಸದುರ್ಗದ ತನಕ ಹೋಗಾಣ?”

೨. ಸಾವ್ಕಾರ್ರ ಔಷಧಿ

ಅಲ್ಲೇ ಗಾಲಿ ಬಿಚ್ಚಿದೆ. ಡ್ರಮ್ಮನ್ನು ಒತ್ತಿ ಹಿಡಿಯೋ ಲೈನಿಂಗ್ ಪೂರ್ತಿ ಸವೆದು, ಅದನ್ನು ಹಿಡಿದಿದ್ದ ರಿವೆಟ್ಟುಗಳು ಡ್ರಮ್ಮಿಗೆ ಉಜ್ಜುತ್ತಿದ್ದವು. ಹೊಸದು ಹಾಕ್ಬೇಕು ಅಂದೆ.

“ಬಾಗಿಲು ಕಿರುಗುಟ್ಟಿದ್ರೆ ಬಾಗಿಲೇ ಬದಲಾಯಿಸ್ತೀಯೇನಪ್ಪ?” ಅಂದರು ಸಾವ್ಕಾರ್ರು. ಬ್ರೇಕಿಗೆ ಎಣ್ಣೆ ತಾಗಿಸಬ್ಯಾಡ್ರಿ ಅಂತ ಎರಡು ಸಲ ಹೇಳಿ ಬಸ್ ಹತ್ತಿ ಬಂದೆ.

ಮಾರನೇ ದಿನ ಅವರು ನಾಲ್ಕೂ ಡ್ರಮ್ಮಿಗೆ ಮಿಲ್ಲಿನ ಕಡಲೆಕಾಯಿ ಎಣ್ಣೆ ಬಿಡಿಸಿ, ಕಾಯಿ ತುಂಬೋಕೆ ಹಿರೇಗುಂಟನೂರಿಗೆ ತಾವೇ ಡ್ರೈವರನ ಪಕ್ಕ ಕೂತು ಹೊರಟರು. ಊರು ಹತ್ತಿರ ಬಂತು.

“ಈಗ ಶಬ್ದ ಐತೇನು?”

“ಇಲ್ರಿ.”

“ನೋಡ್ದಾ?”

“ಬ್ರೇಕೂ ಇಲ್ರಿ.”

ಲಾರಿ ಯಾರದೋ ಹುಲ್ಲಿನ ಬಣವೆಯೊಳಗೆ ಹೋಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತಲೆತುಂಬ ಹುಲ್ಲಿನೊಂದಿಗೆ ಇಳಿದ ಸಾವ್ಕಾರ್ರು, “ಇನ್ನೊಂದು ಸಲ ಈ ಲಾರಿಯಿಂದ ನನ್ನ ಮರ್ಯಾದೆ ಹೋದ್ರೆ ನಿನ್ನ ಕೈಯಿಂದ ಕೀ ಕಿತ್ಕೊಂತೀನಿ,” ಅಂತ ಡ್ರೈವರನಿಗೆ ಹೇಳಿದರು. ಎಣ್ಣೆಯ ಸುದ್ದಿ ಎತ್ತಲಿಲ್ಲ.

೩. ಶಬ್ದ ವಾಪಸ್

ಹೊಸ ಲೈನಿಂಗ್ ಹಾಕಿ ಕೊಟ್ಟೆ. ತುಳಿದರೆ ಪಿಟಕ್ಕೆನ್ನದೆ ನಿಲ್ಲೋದು. ಮೂರನೇ ದಿನ ಡ್ರೈವರು ಬಸ್ಸಲ್ಲಿ ಬಂದು ಶೆಡ್ಡಲ್ಲಿ ಕುಕ್ಕರಗಾಲಲ್ಲಿ ಕೂತ.

“ಕೀ ಹೋಯ್ತು ಮೇಸ್ತ್ರಿ. ಈ ವಯಸ್ಸಲ್ಲಿ ನನಗೆ ಇನ್ಯಾರು ಲಾರಿ ಕೊಡ್ತಾರೆ?”

“ಬ್ರೇಕ್ ಹಿಡೀಲಿಲ್ವಾ?”

“ಹಿಡೀತು. ಅದೇ ತಪ್ಪಾಯ್ತು.”

“ನಾನು ಹಗಲು ಕಣ್ಣು ಮುಚ್ಚೋನಲ್ಲ” ಅಂತ ಹಮಾಲರ ಮುಂದೆ ಹೇಳ್ಕೊಳ್ತಿದ್ದ ಸಾವ್ಕಾರ್ರು, ಊಟ ಆದ ಮೇಲೆ ದಿನಾ ಚೀಲಗಳ ಮೇಲೆ ಮಲಗ್ತಿದ್ದರಂತೆ. ಮಿಲ್ಲಿನ ಗದ್ದಲದಲ್ಲೂ ತಿರುವಿನಲ್ಲಿ ಬ್ರೇಕು ಕಿರುಚಿದ್ದು ಕೇಳೋದು. ಎದ್ದು, ಮುಖ ತೊಳೆದು, ಲಾರಿ ಒಳಗೆ ಬರೋ ಹೊತ್ತಿಗೆ ಗದರೋಕೆ ತಯಾರಾಗಿರೋರು. ಅವತ್ತು ಲಾರಿ ಸದ್ದಿಲ್ಲದೆ ಬಂತು. ಹಿಂದೆ ಕೂತು ಬಂದಿದ್ದ ಹಮಾಲರು ಇಳಿದು, ಬಾಯಿ ತೆರೆದು ಮಲಗಿದ್ದ ಸಾವ್ಕಾರ್ರ ಸುತ್ತ ನಿಂತರಂತೆ.

ಪಾಪ, ಆ ಶಬ್ದ ವಾಪಸ್ ಬಂದ್ರೆ ಅವನ ಕೀನೂ ವಾಪಸ್ ಬರಬಹುದು. ಆದರೆ ಒಳ್ಳೆ ಬ್ರೇಕ್ ಕೆಡಿಸೋಕೆ ಕೈ ಬರಬೇಕಲ್ಲ. ಲೈನಿಂಗ್ ನೋಡ್ಬೇಕ್ರಿ ಅಂತ ಮಿಲ್ಲಿಗೆ ಹೋಗಿ, ಪೆಡಲಿನ ರಾಡಿಗೆ ಒಂದು ತಗಡು ಕಟ್ಟಿ ಬಂದೆ. ತುಳಿದರೆ ಅದು ಲಾರಿಯಡಿ ತಿರುಗುವ ಶಾಫ್ಟಿಗೆ ಉಜ್ಜಿ, ಹಳೆಯದಕ್ಕಿಂತ ಜೋರಾಗಿ ಕಿರುಚೋದು.

ವಾರದ ಮೇಲೆ ಸಾವ್ಕಾರ್ರೇ ಶೆಡ್ಡಿಗೆ ಬಂದರು.

“ಡ್ರೈವರನಿಗೆ ಕೀ ವಾಪಸ್ ಕೊಟ್ಟೆ ಕಣಪ್ಪ. ಹಳಬ, ಬಿಡೋಕಾಗುತ್ತಾ?”

ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಮಿಲ್ಲಲ್ಲಿ ನಮ್ಮಣ್ಣಂದೂ ಪಾಲೈತೆ. ಹೇಳದೆ ಕೇಳದೆ ಕಾರಲ್ಲಿ ಬಂದುಬಿಡ್ತಾನೆ. ನಾಳೆ ಆ ಕಾರು ನಿನ್ನ ಹತ್ರ ಕಳಿಸೋ ಹಂಗೆ ಮಾಡ್ತೀನಿ. ಲಾರಿಗೆ ಕಟ್ಟಿದ್ದೆಯಲ್ಲ, ಅಂಥದೇ ಒಂದು ತಗಡು ಅದಕ್ಕೂ ಹಾಕು. ಅವನಿಗೆ ಹೇಳ್ಬ್ಯಾಡ.”