ಎಚ್ಚರಕ್ಕೊಂದು ದೀಪ

ಎಲ್ಲ ತಾಪತ್ರಯಕ್ಕೂ ಮೂಲ, ಆ ಪೆಟ್ಟಿಗೆಯಲ್ಲಿ ದೀಪ ಉರಿಯದೇ ಇದ್ದದ್ದು.

ಕಟ್ಟಡದ ತಾರಸಿಯ ನೀರಿನ ತೊಟ್ಟಿಗೆ ಮೇಷ್ಟ್ರು ಜೋಡಿಸಿದ್ದ ಸೆನ್ಸರು ಸೋಪಿನ ಡಬ್ಬಿಯಷ್ಟಿತ್ತು. ಹತ್ತು ನಿಮಿಷಕ್ಕೊಮ್ಮೆ ಕಣ್ಣುಬಿಟ್ಟು, ನೀರೆಷ್ಟಿದೆ ಎಂದು ನೋಡಿ, ಎಲ್ಲರ ಫೋನಿಗೂ ತಿಳಿಸಿ, ಮತ್ತೆ ಮಲಗಿಬಿಡುತ್ತಿತ್ತು. ಹಾಗೆ ಮಲಗುವುದರಿಂದಲೇ ಗುಂಡಿಯಂಥ ಒಂದು ಬ್ಯಾಟರಿ ಮೂರು ವರ್ಷ ಬರುತ್ತಿತ್ತು. ಅದನ್ನು ಮಲಗಿಸುವ ಸಾಫ್ಟ್‌ವೇರ್ ಬರೆದವರೂ ಮೇಷ್ಟ್ರೇ. ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಉಳಿದ ಹೊತ್ತಿನಲ್ಲಿ ಏಳು ವರ್ಷದಿಂದ ಬರೆದು, ಓಪನ್ ಸೋರ್ಸ್ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು. ಎಲ್ಲೋ ಒಂದು ಮೂಲೆಯಲ್ಲಿ ಬರೆದವನ ಹೆಸರು ಹಾಕಿದರೆ ಸಾಕು. ಆ ಹೆಸರನ್ನು ಯಾರಾದರೂ ಒಂದೇ ಒಂದು ಸಾರಿ ಬಾಯಿಬಿಟ್ಟು ಓದಲಿ ಎಂಬ ಆಸೆ ಮೇಷ್ಟ್ರಿಗಿತ್ತು. ಹೇಳಿಕೊಳ್ಳಲು ಮಾತ್ರ ನಾಚಿಕೆ.

ಭಾನುವಾರ ಬೆಳಿಗ್ಗೆ ಹೆಂಡತಿ ಲೋಟ ಕುಕ್ಕಿದರು. “ಸಂಜೆ ಸಂಘದ ಮೀಟಿಂಗಲ್ಲಿ ತೊಟ್ಟಿಗೆ ಯಾವುದೋ ಕಂಪನಿ ಪೆಟ್ಟಿಗೆ ಬೇಕೋ ನಿಮ್ಮದು ಬೇಕೋ ಅಂತ ಕೈ ಎತ್ತಿಸ್ತಾರಂತೆ. ನಿಮ್ಮದು ಬೇಡ ಅಂದ್ರೆ ಈ ಬಿಟ್ಟಿ ಚಾಕರಿ ಅಲ್ಲಿಗೇ ಬಂದ್. ಏಳು ವರ್ಷದಲ್ಲಿ ಒಬ್ಬರಾದ್ರೂ ನಿಮ್ಮ ಹೆಸರು ಹೇಳಿದ್ದಾರಾ?”

“ಆಯ್ತು,” ಎಂದರು ಮೇಷ್ಟ್ರು. ಯಾರಿಗೂ ‘ಆಗಲ್ಲ’ ಎಂದು ಹೇಳಿ ಅಭ್ಯಾಸವಿಲ್ಲದ ನಾಲಿಗೆ ಅದು.

ತಾರಸಿಗೆ ಹೋದರೆ, ಸಂಘದ ಕಾರ್ಯದರ್ಶಿ ಸೊಂಟದ ಮೇಲೆ ಕೈಯಿಟ್ಟು ಸೆನ್ಸರನ್ನೇ ದಿಟ್ಟಿಸುತ್ತಿದ್ದರು. ಪಕ್ಕದಲ್ಲಿ ಕಂಪನಿಯ ಸೇಲ್ಸ್‌ಮನ್ ಫಳಫಳ ಹೊಳೆಯುವ ತನ್ನ ಪೆಟ್ಟಿಗೆಯನ್ನು ಅದೇ ತೊಟ್ಟಿಗೆ ಬಿಗಿಯುತ್ತಿದ್ದ. “ಇದು ತಾನೇ ಅಪ್‌ಡೇಟ್ ಆಗುತ್ತೆ ಸಾರ್, ಯಾರೂ ಮುಟ್ಟೋದೇ ಬೇಡ.”

“ನಿಮ್ಮದು ಸತ್ತಿದೆ ಮೇಷ್ಟ್ರೇ,” ಎಂದರು ಕಾರ್ಯದರ್ಶಿ.

“ಇಲ್ಲ ಸಾರ್, ಮಲಗಿದೆ.”

“ಕೆಲಸದ ಹೊತ್ತಲ್ಲಿ ಮಲಗೋದಾ? ಎಚ್ಚರ ಇದೆ ಅಂತ ನಮಗೆ ಗೊತ್ತಾಗೋದು ಹೇಗೆ? ಒಂದು ದೀಪ ಹಾಕಿ.”

ಒಳಗೆ ಪುಟ್ಟ ದೀಪವೂ ಇತ್ತು, ಪುಟ್ಟ ಪೀಪಿಯೂ ಇತ್ತು. ಬ್ಯಾಟರಿ ಉಳಿಯಲೆಂದು ಎರಡರ ಬಾಯಿಯನ್ನೂ ಮುಚ್ಚಿಸಿದ್ದವರು ಮೇಷ್ಟ್ರೇ. ಅದನ್ನು ವಿವರಿಸಲು ಬಾಯಿ ತೆರೆದರು. ಹೊರಬಿದ್ದದ್ದು, “ಆಯ್ತು ಸಾರ್.”

ಕೆಳಗಿಳಿದು ಒಂದು ಸಾಲು ತಿದ್ದಿದರು. ದೀಪ ಹೊತ್ತಿತು. ಅಷ್ಟರಲ್ಲಿ ನೆಲಮಹಡಿಯ ಹಲ್ಲಿನ ಡಾಕ್ಟರು ಬಾಗಿಲು ತಟ್ಟಿದರು. “ದೀಪ ನನಗೆ ಕಾಣಲ್ಲ. ನನ್ನ ಕುರ್ಚಿಗೆ ಕೇಳೋ ಹಾಗೆ ಒಂದು ಸದ್ದು ಬೇಕು.” ಪೀಪಿಯ ಬಾಯಿ ಬಿಚ್ಚಿದರು: ಎರಡು ಗಿಡ್ಡ ಕೂಗು, ಒಂದು ಉದ್ದ ಕೂಗು. ಆಮೇಲೆ ಎರಡನೇ ಮಹಡಿಯ ಅಜ್ಜಿ ಬಂದರು. “ಹತ್ತು ನಿಮಿಷಕ್ಕೊಂದು ಸಲ ನೋಡಿದ್ರೆ, ಮಧ್ಯದ ಒಂಬತ್ತು ನಿಮಿಷ ನೀರಿಗೇನಾಯ್ತು ಅಂತ ಯಾರಿಗಪ್ಪಾ ಗೊತ್ತು? ನಿಮಿಷ ನಿಮಿಷಕ್ಕೂ ನೋಡ್ಲಿ.”

“ಆಯ್ತಮ್ಮಾ.”

ಮೇಷ್ಟ್ರಿಗೆ ಬೇಸರವಾಯಿತು. ಸದ್ದಿಲ್ಲದೆ ಕೆಲಸ ಮಾಡುವುದೇ ಅದರ ಗುಣ. ಜನರ ಕಣ್ಣಿಗೆ ಅದೇ ಅದರ ದೋಷ. ತಾನು ಯೋಚಿಸುತ್ತಿರುವುದು ಸೆನ್ಸರಿನ ಬಗ್ಗೆಯೋ ತನ್ನ ಬಗ್ಗೆಯೋ ಎಂಬುದು ಅವರಿಗೇ ಸ್ಪಷ್ಟವಾಗಲಿಲ್ಲ. ಆ ಬೇಸರದಲ್ಲೇ ಒಂದು ಎಡವಟ್ಟು ಮಾಡಿದರು. ಯಾವ ತಿದ್ದುಪಡಿಯನ್ನೂ ವಾರಗಟ್ಟಲೆ ಪರೀಕ್ಷಿಸದೆ ಲೋಕಕ್ಕೆ ಬಿಡದವರು, ಅಂದು ಮೂರನ್ನೂ ನೇರ ಇಂಟರ್ನೆಟ್ಟಿಗೇ ಏರಿಸಿ ಎಲ್ಲರಿಗೂ ಬಿಟ್ಟುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಕಂಪನಿಯ ಪೆಟ್ಟಿಗೆಯಲ್ಲೂ ದೀಪ ಹೊತ್ತಿ, ಎರಡು ಗಿಡ್ಡ, ಒಂದು ಉದ್ದ ಕೂಗು ಕೇಳಿಸಿತು.

“ಕಂಪನಿಯವರದ್ದನ್ನೇ ಕಾಪಿ ಹೊಡೆದ್ರಾ ಮೇಷ್ಟ್ರೇ?” ಎಂದು ಕಾರ್ಯದರ್ಶಿ ನಕ್ಕರು. ಮೇಷ್ಟ್ರು ತಲೆ ಕೆರೆದುಕೊಂಡರು.

ಸಂಜೆ ಐದೂವರೆಗೆ ತಾರಸಿಯಲ್ಲಿ ಕುರ್ಚಿ ಹಾಕಿ ಎಲ್ಲರೂ ಕೂತಿದ್ದಾಗ ಮೇಷ್ಟ್ರ ಸೆನ್ಸರು ಎರಡು ಸಲ ಕೂಗಿ, ಮೂರನೆಯದನ್ನು ನರಳಿ, ಆರಿಹೋಯಿತು. ಮೂರು ವರ್ಷದ ಬ್ಯಾಟರಿ ಒಂದೇ ಹಗಲಿಗೆ ಖಾಲಿ.

“ಬೆಳಿಗ್ಗೆನೇ ಹೇಳಿದ್ದೆ, ಸತ್ತಿದೆ ಅಂತ,” ಎಂದರು ಕಾರ್ಯದರ್ಶಿ. “ಕಂಪನಿ ಪೆಟ್ಟಿಗೆ ಬೇಕು ಅನ್ನೋರು ಕೈ ಎತ್ತಿ.” ಎಲ್ಲರ ಕೈಯೂ ಮೇಲೆ ಹೋಯಿತು, ಮೇಷ್ಟ್ರದು, ಹೆಂಡತಿಯದು ಬಿಟ್ಟು. “ಮೇಷ್ಟ್ರೇ, ನೀವು?”

“ಆಯ್ತು ಸಾರ್,” ಎಂದು ಮೇಷ್ಟ್ರೂ ಕೈ ಎತ್ತಿದರು. ಹೆಂಡತಿ ಹಣೆ ಚಚ್ಚಿಕೊಂಡರು.

ಎತ್ತಿದ ಕೈಗಳು ಇನ್ನೂ ಕೆಳಗಿಳಿದಿರಲಿಲ್ಲ. ಹೊಳೆಯುವ ಪೆಟ್ಟಿಗೆಯೂ ಎರಡು ಸಲ ಕೂಗಿ, ಮೂರನೆಯದನ್ನು ನರಳಿ, ಆರಿಹೋಯಿತು. ಅದೇ ಗಳಿಗೆಗೆ ಸೇಲ್ಸ್‌ಮನ್ನಿನ ಫೋನು ಬಡಿದುಕೊಂಡಿತು. “ಎಲ್ಲಾ ಕಟ್ಟಡದಲ್ಲೂ ಇದೇ ಕತೆನಾ ಸಾರ್?” ಎಂದ ಅವನ ಮುಖ ಬಿಳಿಚಿಕೊಂಡಿತು. “ಅಪ್‌ಡೇಟಲ್ಲೇ ಏನೋ ಬಂದಿದೆಯಂತೆ!”

“ಯಾರಯ್ಯಾ ಅದನ್ನ ಬರೆದವನು?” ಕಾರ್ಯದರ್ಶಿ ಗುಡುಗಿದರು.

ಸೇಲ್ಸ್‌ಮನ್ ಪೆಟ್ಟಿಗೆಯನ್ನು ತೊಟ್ಟಿಯಿಂದ ಬಿಚ್ಚಿ, ಅದರ ಬೆನ್ನು ಮೇಲಾಗಿ ತಿರುಗಿಸಿ, ಇರುವೆಯಷ್ಟು ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದಿದ. ಮೇಷ್ಟ್ರ ಹೆಸರು. ಫೋನಿನವರಿಗಾಗಿ ಒಂದೊಂದೇ ಅಕ್ಷರ ಬಿಡಿಸಿ ಮತ್ತೆ ಓದಿದ. ನಂಬದ ಕಾರ್ಯದರ್ಶಿ ಕನ್ನಡಕ ಏರಿಸಿ ಮೂರನೇ ಸಲ ಓದಿದರು, ಬೀದಿಗೆಲ್ಲ ಕೇಳುವಂತೆ. ನೆಲ ಬಾಯಿಬಿಡಬಾರದೇ ಎನಿಸಿದರೂ, ಮೇಷ್ಟ್ರ ಕಣ್ಣು ತುಂಬಿಬಂತು. ಅವರು ಮೆಲ್ಲಗೆ ಹೆಂಡತಿಯ ಕಡೆ ನೋಡಿದರು.

ಭಾನುವಾರ ಬ್ಯಾಟರಿ ಅಂಗಡಿಗೆ ರಜೆ. ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಕಾರ್ಯದರ್ಶಿ ಒಂದು ಉದ್ದನೆ ಕೋಲು ತಂದು ಮೇಷ್ಟ್ರ ಕೈಗಿಟ್ಟರು. “ಅದ್ದಿ ನೋಡಿ ಹೇಳ್ತಾ ಇರಿ.”

“ನಿಮಿಷ ನಿಮಿಷಕ್ಕೂ,” ಎಂದರು ಅಜ್ಜಿ.

ಡಾಕ್ಟರು ಸೀಟಿ ತಂದು ಕೊರಳಿಗೆ ಹಾಕಿದರು. ಎಚ್ಚರವಾಗಿದ್ದಾರೆಂದು ಗೊತ್ತಾಗಬೇಕಲ್ಲ, ಕಾರ್ಯದರ್ಶಿ ಒಂದು ಟಾರ್ಚನ್ನೂ ಹಚ್ಚಿ ಮೇಷ್ಟ್ರ ಜೇಬಿಗೆ ಸಿಕ್ಕಿಸಿ ಹೋದರು.

ಕತ್ತಲಾಗುವ ಹೊತ್ತಿಗೆ ಹೆಂಡತಿ ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಮುನ್ನೂರು ಪತ್ರ ಬಂದಿವೆ, ರೀ. ಎಲ್ಲರೂ ನಿಮ್ಮ ಹೆಸರೇ ಹಿಡಿದು ಕರೀತಿದ್ದಾರೆ.”

“ಮತ್ತೆ, ಬಂದ್ ಮಾಡ್ಬೇಕು ಅಂದಿದ್ದೆಯಲ್ಲ?”

“ಲೋಕವನ್ನೆಲ್ಲ ಕತ್ತಲಲ್ಲಿಟ್ಟು ಬಂದ್ ಮಾಡ್ತೀರಾ? ಕೂತು ಸರಿಮಾಡಿ!”

“ಆಯ್ತು,” ಎಂದು ಮೇಷ್ಟ್ರು ಕೋಲನ್ನು ನೀರಿಗದ್ದಿ ನೋಡಿ, ಎರಡು ಗಿಡ್ಡ, ಒಂದು ಉದ್ದ ಸೀಟಿ ಊದಿದರು.