ರಾಗಿಕಲ್ಲಿಗೆ ಬಿದ್ದ ನಂಬರು

ಅಕ್ಷರ ದುಂಡಗಿರುವವನನ್ನು ಲೋಕ ಸುಮ್ಮನೆ ಬಿಡುವುದಿಲ್ಲ ಎಂಬುದು ನನ್ನ ಅನುಭವ. ಮದುವೆಮನೆಯಲ್ಲಿ ಎಲ್ಲರೂ ಹೋಳಿಗೆಗೆ ಕೂತರೆ ಅವನು ಬಾಡಿಗೆ ಪಾತ್ರೆಗಳ ಪಟ್ಟಿ ಬರೆಯುತ್ತ ಕೂತಿರುತ್ತಾನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕೋಲಾರದಲ್ಲಿ ಚರಿತ್ರೆ ಓದುತ್ತಿದ್ದಾಗ, ನಮ್ಮ ಮೇಷ್ಟ್ರು ನನ್ನನ್ನು ಎರಡು ತಿಂಗಳ ತರಬೇತಿಗೆ ತಾಯಲೂರಿನ ಆಚೆಯ ಪಾಳೆಗಾರರ ಬಂಗಲೆಯೊಂದಕ್ಕೆ ಕಳಿಸಿದ್ದೂ ಈ ಅಕ್ಷರದ ದೆಸೆಯಿಂದಲೇ. ವಾರಸುದಾರರು ಬಂಗಲೆಯನ್ನು ಸರ್ಕಾರಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದರು. ಒಳಗಿನ ಪ್ರತಿ ವಸ್ತುವಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದು ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ಚರಿತ್ರೆಯನ್ನು ಕೈಯಾರೆ ಮುಟ್ಟುತ್ತೇನೆಂದು ಬೀಗುತ್ತ ಹೋದವನಿಗೆ ಸಿಕ್ಕಿದ್ದು ಕಾಲು ಮುರಿದ ಕುರ್ಚಿಗಳು, ಹುಳು ಹಿಡಿದ ಜಿಂಕೆಯ ತಲೆ ಮತ್ತು ಬಾವಲಿಗಳು. ಬಾವಲಿಗಳಿಗೆ ನಂಬರು ಹಾಕುವಂತಿರಲಿಲ್ಲ, ಇಲ್ಲದಿದ್ದರೆ ಹಾಕಿಬಿಡುತ್ತಿದ್ದೆ. ಪಟ್ಟಿ ಉದ್ದವಾದಷ್ಟೂ ಸರ್ಟಿಫಿಕೇಟು ಚೆನ್ನಾಗಿರುತ್ತದೆ ಎಂದು ಮೇಷ್ಟ್ರು ಹೇಳಿದ್ದರು.

ಬಂಗಲೆಯ ಹಿಂದಿನ ಅಡುಗೆಕೋಣೆಯಲ್ಲಿ ಮುನಿವೆಂಕಟಮ್ಮ ಎಂಬ ಅಜ್ಜಿ ಇದ್ದಳು. ಅವಳ ಗಂಡ ಆ ಮನೆಯ ಕಾವಲುಗಾರನಾಗಿದ್ದು ಅಲ್ಲೇ ತೀರಿಕೊಂಡಿದ್ದ. ಅಜ್ಜಿ ಕಸ ಗುಡಿಸಿಕೊಂಡು, ದೀಪ ಹಚ್ಚಿಕೊಂಡು ಉಳಿದುಬಿಟ್ಟಿದ್ದಳು. ನನಗೆ ದಿನಾ ಮುದ್ದೆ, ಬಸ್ಸಾರು ಮಾಡಿ ಹಾಕುತ್ತಿದ್ದವಳೂ ಅವಳೇ. ರಾಗಿ ಬೀಸುತ್ತಿದ್ದುದು ಮದುವೆಯಲ್ಲಿ ನಂಗಲಿಯ ತವರಿನಿಂದ ಬಂದ ಕಲ್ಲಿನಲ್ಲಿ. ಬೀಸುವ ಮೊದಲು ಅದಕ್ಕೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದಳು. ನನ್ನ ಕುಂಚದ ಕೆಲಸವನ್ನು ಒಂದು ವಾರ ನೋಡಿ, ಇದೆಲ್ಲ ಯಾಕೆಂದು ಕೇಳಿದಳು. ನಂಬರು ಬಿದ್ದದ್ದನ್ನು ಯಾರೂ ಎತ್ತಿಕೊಂಡು ಹೋಗುವಂತಿಲ್ಲ ಎಂದೆ. ಮಾರನೆಯ ದಿನ ಅವಳು ತನ್ನ ಟ್ರಂಕನ್ನೂ ಹಗ್ಗದ ಮಂಚವನ್ನೂ ನನ್ನ ಮುಂದೆ ಎಳೆದು ತಂದಳು.

"ಇವಕ್ಕೂ ಹಾಕು ನಾಯ್ನಾ. ರಾಗಿಕಲ್ಲಿಗೂ ಹಾಕ್ಬಿಡು. ಆಮೇಲೆ ಯಾವ ಕಳ್ಳನೂ ಮುಟ್ಟಲ್ಲ."

ಇವು ಬಂಗಲೆಯವಲ್ಲ, ನಿನ್ನವು, ಹಾಕಬಾರದು ಎನ್ನಬೇಕಾಗಿದ್ದವನು ನಾನು. ಆದರೆ ಪಟ್ಟಿಗೆ ಮೂರು ಸಾಲು ತಾವಾಗಿ ನಡೆದು ಬಂದಿದ್ದವು. ಕುಂಚ ಅದ್ದಿದೆ. 'ಬೀಸುವ ಕಲ್ಲು, ಪುರಾತನ, ಒಂದು' ಎಂದು ದುಂಡಗೆ ಬರೆದೆ. ಅಜ್ಜಿ ಆ ನಂಬರಿಗೂ ಕುಂಕುಮ ಇಟ್ಟಳು. ಅವಳ ದಡ್ಡತನಕ್ಕೆ ನಾನು ನಕ್ಕೆ.

ತರಬೇತಿಯ ಕೊನೆಯ ದಿನ ಅಧಿಕಾರಿ ಜೀಪಿನಲ್ಲಿ ಬಂದು ರಿಜಿಸ್ಟರು ನೋಡಿ ಮೆಚ್ಚಿದರು. ಬಂಗಲೆಗೆ ಬೀಗ ಹಾಕಬೇಕು, ಅಜ್ಜಿ ಜಾಗ ಖಾಲಿ ಮಾಡಬೇಕು ಎಂದರು. ಅವಳು ತಕರಾರಿಲ್ಲದೆ ಒಪ್ಪಿದಳು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುವ ಮಗಳ ಹತ್ತಿರ ಹೋಗುತ್ತೇನೆಂದು ಎತ್ತಿನ ಗಾಡಿ ಕರೆಸಿದಳು. ಮಂಚ ಗಾಡಿಗೇರುವಾಗ ಅಧಿಕಾರಿಗೆ ನಂಬರು ಕಂಡಿತು. ಮಂಚ ಇಳಿಯಿತು, ಟ್ರಂಕೂ ಇಳಿಯಿತು. ಒಳಗಿದ್ದ ಸೀರೆಗಳನ್ನು ಗಂಟು ಕಟ್ಟಿಕೊಳ್ಳಲು ಬಿಟ್ಟರು, ಸೀರೆಗೆ ನಾನು ನಂಬರು ಹಾಕಿರಲಿಲ್ಲವಲ್ಲ. ಕಲ್ಲಿನ ಸರದಿ ಬಂದಾಗ ಮಾತ್ರ ಅಜ್ಜಿ ಅದರ ಮುಂದೆ ಕೂತುಬಿಟ್ಟಳು.

"ಇದು ನಮ್ಮಮ್ಮ ಕೊಟ್ಟಿದ್ದು ಸಾಮಿ. ನೀನೇ ಹೇಳು ನಾಯ್ನಾ."

ಅಧಿಕಾರಿ ನನ್ನ ಕಡೆ ತಿರುಗಿದರು. ಅವರ ಒಂದು ಕೈಯಲ್ಲಿ ನನ್ನ ಸರ್ಟಿಫಿಕೇಟು, ಇನ್ನೊಂದರಲ್ಲಿ ಪೆನ್ನು. ತಪ್ಪು ನನ್ನದು ಎಂದರೆ ಇಡೀ ಪಟ್ಟಿಯೇ ಅನುಮಾನಕ್ಕೆ ಬೀಳುತ್ತಿತ್ತು. ರಿಜಿಸ್ಟರಿನಲ್ಲಿದೆ ಸಾರ್, ಎಂದೆ. ಸುಳ್ಳು ಹೇಳಲಿಲ್ಲ ನೋಡಿ, ರಿಜಿಸ್ಟರಿನಲ್ಲಿ ಇತ್ತು. ಅವರು ಸಹಿ ಮಾಡಿದರು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಸೆರಗಿನಿಂದ ಕಲ್ಲನ್ನು ಒರೆಸಿ ಎದ್ದಳು.

"ನಂಗೂ ಒಂದು ನಂಬರ್ ಹಾಕಿದ್ದಿದ್ರೆ ಇಲ್ಲೇ ಇರ್ತಿದ್ನಲ್ಲ ನಾಯ್ನಾ," ಎಂದು ಗಾಡಿ ಹತ್ತಿದಳು. ಗಾಡಿ ಮುಳಬಾಗಿಲ ರಸ್ತೆಗೆ ತಿರುಗುವವರೆಗೂ ನಾನು ನಿಂತೇ ಇದ್ದೆ. ನಾಚಿಕೆಯಾಗುತ್ತಿತ್ತು, ಓಡಿಹೋಗಿ ತಡೆಯುವಷ್ಟಲ್ಲ.

'ಪಟ್ಟಿಯಲ್ಲಿ ಒಂದೂ ತಪ್ಪಿಲ್ಲ' ಎಂದು ಸರ್ಟಿಫಿಕೇಟಿನಲ್ಲಿತ್ತು. ಮುಂದೆ ಕೆಲಸದ ಸಂದರ್ಶನದಲ್ಲಿ ಅದನ್ನು ಓದಿದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, ನಿಜವಾಗಿ ಒಂದೂ ತಪ್ಪಿಲ್ಲವೇನಪ್ಪ ಎಂದು ಕೇಳಿದರು. ಇಲ್ಲ ಸಾರ್, ಎಂದೆ. ಆ ಒಂದು ಮಾತಿಗೆ ಸರ್ಕಾರ ನನಗೆ ಇವತ್ತಿಗೂ ಪಿಂಚಣಿ ಕೊಡುತ್ತಿದೆ.